ಮೇಷ್ಟ್ರಿಗೂ ಬೇಕು ಎರಡು ದಿನದ ಪಾಠ

ಸಂಜೆ ಆರರ ಹೊತ್ತಿಗೆ ಮೈಸೂರಿನ ಹಳೇ ಬಡಾವಣೆಗಳಲ್ಲಿ ನಡೆದು ಹೋದರೆ ಒಂದಲ್ಲ ಒಂದು ಮನೆಯಿಂದ ಸರಳೆ ವರಸೆ ಕೇಳಿಬರುತ್ತದೆ. ನಡುಮನೆಯಲ್ಲಿ ಚಾಪೆ, ಚಾಪೆ ಮೇಲೆ ನಾಲ್ಕು ಮಕ್ಕಳು, ಎದುರಿಗೆ ಪಿಟೀಲಿನ ಮೇಷ್ಟ್ರೋ ವೀಣೆಯ ಟೀಚರೋ. ವೀಣೆ ಶೇಷಣ್ಣನವರು (1852–1926), ಪಿಟೀಲು ಚೌಡಯ್ಯನವರು (1895–1967) ಹೆಸರು ಮಾಡಿದ ಊರಿದು. ಊರಿಗೆ ಕೀರ್ತಿ ತಂದದ್ದು ಅರಮನೆ ಒಂದೇ ಅಲ್ಲ, ಈ ಚಾಪೆಯೂ ಹೌದು.

ಆದರೆ ಆರು ತಿಂಗಳು ಬಿಟ್ಟು ನೋಡಿ, ಚಾಪೆ ಮೇಲೆ ಎರಡೇ ಮಕ್ಕಳಿರಬಹುದು. ‘ಭುಜ ನೋವು ಅಂತಾನೆ, ಅವನಿಗೆ ಸಂಗೀತ ಹತ್ತಲ್ಲ ಬಿಡಿ’ ಅಂತ ಅಪ್ಪ ಕೈ ತೊಳೆದುಕೊಳ್ಳುತ್ತಾನೆ. ಕೊಂಡ ಪಿಟೀಲು ಅಟ್ಟ ಸೇರುತ್ತದೆ. ಮೇಷ್ಟ್ರಿಗೆ ಒಂದು ಫೀಸು ಖೋತಾ. ತಪ್ಪು ಮಗುವಿನದೋ, ಪಿಟೀಲಿನದೋ, ಪಾಠದ್ದೋ? ಕೇಳುವವರೇ ಇಲ್ಲ.

ಉದಾಹರಣೆಗೆ ಸೈಜಿನ ವಿಷಯ. ಮಕ್ಕಳಿಗೆ ಕಾಲು, ಅರ್ಧ, ಮುಕ್ಕಾಲು ಸೈಜಿನ ಪಿಟೀಲುಗಳಿವೆ. ಅರ್ಧ ಸೈಜು ಅಂದರೆ ಉದ್ದದಲ್ಲಿ ಅರ್ಧವಲ್ಲ. ದೊಡ್ಡವರ ಪಿಟೀಲಿನ ಒಡಲು ಸುಮಾರು 14 ಅಂಗುಲ, ಅರ್ಧದ್ದು 12 ಚಿಲ್ಲರೆ. ‘ಹೇಗೂ ಬೆಳೀತಾನೆ’ ಅಂತ ಶಾಲೆ ಯೂನಿಫಾರಂ ಕೊಂಡ ಹಾಗೆ ದೊಡ್ಡದನ್ನೇ ಕೊಡಿಸಿದರೆ ಮಗು ಭುಜ ಎತ್ತಿ, ಕೈ ಎಳೆದು ಕೂರುತ್ತದೆ. ನೋಯದೇ ಇನ್ನೇನು?

ನುಡಿಸಬಲ್ಲವರೆಲ್ಲ ಕಲಿಸಬಲ್ಲರೇ ಸ್ವಾಮಿ? ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆ ಪಾಸಾದವರು ತಾವು ಬಲ್ಲವರೆಂದು ತೋರಿಸಿಕೊಟ್ಟಿದ್ದಾರೆ, ಸರಿ. ಏಳು ವರ್ಷದ ಮಗುವಿಗೆ ಅದನ್ನು ದಾಟಿಸುವುದು ಬೇರೆಯದೇ ವಿದ್ಯೆ.

ಹಿಂದೆ ಈ ವಿದ್ಯೆಯೂ ಬಿಟ್ಟಿಯಾಗಿ ಸಿಗುತ್ತಿತ್ತು. ಶಿಷ್ಯ ಗುರುವಿನ ಮನೆಯಲ್ಲೇ ಇರುತ್ತಿದ್ದ. ಗುರು ಬೇರೆಯವರನ್ನು ತಿದ್ದುವುದನ್ನು ದಿನಾ ನೋಡುತ್ತಿದ್ದ, ಎಳೆಯರಿಗೆ ತಾನೇ ಪಾಠ ಹೇಳುತ್ತಿದ್ದ. ಈಗ ವಾರಕ್ಕೆ ಒಂದೋ ಎರಡೋ ಪಾಠ. ತನ್ನ ಪಾಠ ಮುಗಿದರೆ ಚಪ್ಪಲಿ ಮೆಟ್ಟಿ ಹೊರಟ. ಇನ್ನೊಬ್ಬರ ಪಾಠ ನೋಡುವ ಭಾಗ್ಯವೇ ತಪ್ಪಿತು.

ಜಪಾನಿನ ಮತ್ಸುಮೊಟೊ ಪಟ್ಟಣದಲ್ಲಿ ಕಲಿಸುತ್ತಿದ್ದ ಶಿನಿಚಿ ಸುಜುಕಿ (1898–1998) ಎಂಬ ಪಿಟೀಲು ಮೇಷ್ಟ್ರು ಮಕ್ಕಳು ತಾಯ್ನುಡಿ ಕಲಿಯುವ ರೀತಿಯಲ್ಲೇ ವಾದ್ಯ ಕಲಿಸಲು ಹೊರಟರು. 1964ರಲ್ಲಿ ಅವರ ಹತ್ತು ಪುಟಾಣಿ ಶಿಷ್ಯರು ಅಮೆರಿಕದಲ್ಲಿ ನುಡಿಸಿದರು. ಅಲ್ಲಿನ ಮೇಷ್ಟ್ರುಗಳು ಚಪ್ಪಾಳೆ ತಟ್ಟಿ ಸುಮ್ಮನಾಗಲಿಲ್ಲ. ಕಲಿಸುವ ಬಗೆ ಕಲಿಯಲು ಹಲವರು ಜಪಾನಿಗೇ ಹೋದರು. 1971ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಸ್ಟೀವನ್ಸ್ ಪಾಯಿಂಟ್ ಎಂಬ ಸಣ್ಣ ಊರಲ್ಲಿ ಮಕ್ಕಳು, ಅಪ್ಪ-ಅಮ್ಮ, ಮೇಷ್ಟ್ರುಗಳು ಮೂವರೂ ಸೇರುವ ಬೇಸಿಗೆ ಶಿಬಿರ ಶುರುವಾಯಿತು. ಇನ್ನೊಬ್ಬ ಮೇಷ್ಟ್ರು ಪಾಠ ಹೇಳುವುದನ್ನು ಕೂತು ನೋಡುವುದು ಆ ತರಬೇತಿಯ ಮುಖ್ಯ ಭಾಗ. ನಮ್ಮ ಗುರುಕುಲದಲ್ಲಿ ಇದ್ದದ್ದೂ ಇದೇ ಅಲ್ಲವೇ?

ಅವರ ಪದ್ಧತಿಯನ್ನು ಇಡಿಯಾಗಿ ತರಬೇಕೆಂದಲ್ಲ. ಅವರು ನಿಂತು ನುಡಿಸುತ್ತಾರೆ. ನಾವು ನೆಲದ ಮೇಲೆ ಕೂತು, ಪಿಟೀಲಿನ ತಲೆಯನ್ನು ಬಲಗಾಲಿನ ಮೇಲಿಟ್ಟು ನುಡಿಸುತ್ತೇವೆ. ನಮ್ಮ ಗಮಕಕ್ಕೆ ಬೆರಳು ಜಾರಬೇಕು. ಹಾಗಂತ ‘ಹೊರಗಿನವರಿಂದ ಏನು ಕಲಿಯೋದು’ ಎನ್ನುವವರಿಗೆ ಒಂದೇ ಮಾತು: ಪಿಟೀಲೇ ಹೊರಗಿನದು. ಬಾಲುಸ್ವಾಮಿ ದೀಕ್ಷಿತರು (1786–1858) ಕಲಿತು ನಮ್ಮದು ಮಾಡಿಕೊಟ್ಟರು. ನಾದ ದೂರಕ್ಕೆ ಮುಟ್ಟಲೆಂದು ನಮ್ಮ ಚೌಡಯ್ಯನವರು ಅದಕ್ಕೆ ಏಳು ತಂತಿ ಕಟ್ಟಿದರು.

ಎರಡು ದಿನ ಸಾಕು. ಮೊದಲ ದಿನ ವಾದ್ಯದ ಸೈಜು, ಕೂರುವ ಭಂಗಿ, ಕಮಾನು ಹಿಡಿಯುವ ರೀತಿ. ರಿಪೇರಿಯವರನ್ನೂ ಕರೆಸಿ; ಜಾರುವ ಬಿರಡೆ, ವಾಲಿದ ಕುದುರೆ ಸರಿಮಾಡುವುದನ್ನು ತೋರಿಸಲಿ. ವೀಣೆಯ 24 ಮೆಟ್ಟಿಲು ಕೂತಿರುವುದು ಮೇಣದ ಮೇಲೆ, ಬಿಸಿಲಿಗೆ ಮೇಣ ಮೆತ್ತಗಾದರೆ ಮೆಟ್ಟಿಲು ಕದಲಿ ಸ್ವರ ತಪ್ಪುತ್ತದೆ. ಅಂಥ ವೀಣೆಯಲ್ಲಿ ಕಲಿತ ಮಗುವಿನ ಕಿವಿಯೂ ತಪ್ಪುತ್ತದೆ.

ಎರಡನೇ ದಿನ ಪ್ರತಿ ಮೇಷ್ಟ್ರೂ ಒಂದು ಮಗುವಿಗೆ ಕಾಲು ಗಂಟೆ ಪಾಠ ಹೇಳಲಿ, ಉಳಿದವರು ನೋಡಿ ಹೇಳಲಿ. ಕಷ್ಟ ಇರುವುದು ಇಲ್ಲೇ. ವಿದ್ವಾಂಸರಿಗೆ ಇನ್ನೊಬ್ಬರೆದುರು ತಪ್ಪು ಹೇಳಿಸಿಕೊಳ್ಳುವುದು ಬೇವಿನ ಕಷಾಯ.

ದುಡ್ಡಿಗೆಲ್ಲಿ ಹೋಗೋಣ ಅಂತೀರಾ? ರಾಮನವಮಿಗೆ, ಗಣೇಶನ ಹಬ್ಬಕ್ಕೆ ಕಛೇರಿ ಇಡಿಸುವ ಸಭೆಗಳು ಒಂದು ಕಛೇರಿಯ ಖರ್ಚನ್ನು ಇದಕ್ಕೆ ಎತ್ತಿಡಲಿ. ಗಂಗೂಬಾಯಿ ಹಾನಗಲ್ ಹೆಸರಿನ ಸಂಗೀತ ವಿಶ್ವವಿದ್ಯಾಲಯ ಇದೇ ಊರಲ್ಲಿದೆ, ಕೈ ಜೋಡಿಸಲಿ. ಬೇಸಿಗೆ ರಜದಲ್ಲಿ ಸರ್ಕಾರಿ ಶಾಲೆಯ ಒಂದು ಕೊಠಡಿ ಸಿಕ್ಕರೆ ಸಾಕು.

ಶಾಲಾ ಮೇಷ್ಟ್ರಿಗೆ ತರಬೇತಿ ಇದೆ, ಬಸ್ ಡ್ರೈವರಿಗೂ ಇದೆ. ಮಕ್ಕಳ ಕೈಗೆ ವೀಣೆ, ಪಿಟೀಲು ಕೊಡುವವರಿಗೆ ಮಾತ್ರ ಬೇಡವೇ? ಸಭೆಗಳವರು ಮುಂದಿನ ಬೇಸಿಗೆಯೊಳಗೆ ಉತ್ತರ ಕೊಡಲಿ.