ಕಮಾನನ್ನು ಮೃದುಗೊಳಿಸುವ ಬಗೆ

ಮೈಸೂರಿನ ಟಾಂಗಾವೊಂದರ ಆಸನದ ಕೆಳಗೆ ಬಗ್ಗಿ ನೋಡಿದವರಿಗೆ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಅಡಕಿ, ನಡುವೆ ಬಿಗಿದು, ಬಿಲ್ಲಿನಂತೆ ಬಾಗಿಸಿದ ಸಾಧನವೊಂದು ಕಣ್ಣಿಗೆ ಬೀಳುವುದು. ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಇದಕ್ಕೆ ಕಮಾನು ಎಂದೇ ಹೆಸರು. ಕುದುರೆಗಾಡಿಯ ಕಾಲದ ಈ ಸಾಧನವು ಮೋಟಾರುಗಳಿಗೂ ಬಂದು, ಲಾರಿಗಳ ಕೆಳಗೆ ಇಂದಿಗೂ ನೆಲೆನಿಂತಿದೆ. ಆದರೆ ಈ ಹೊತ್ತು ನಾನು ಮಾತನಾಡಬೇಕೆಂದಿರುವುದು ಟಾಂಗಾದ ವಿಷಯವನ್ನೂ ಅಲ್ಲ, ಲಾರಿಯ ವಿಷಯವನ್ನೂ ಅಲ್ಲ. ಮಾರುತಿ ಜಿಪ್ಸಿಯೆಂಬ ಪುಟ್ಟ ವಾಹನದ ವಿಷಯವನ್ನು.

ಜಪಾನಿನ ಸುಜುಕಿಯವರ ಮಾದರಿಯಂತೆ 1985ರಲ್ಲಿ ನಮ್ಮ ದೇಶದಲ್ಲಿ ತಯಾರಾಗತೊಡಗಿದ ಈ ವಾಹನವು ದಶಕಗಳ ಕಾಲ ಹೆಚ್ಚು ರೂಪಾಂತರವಿಲ್ಲದೆ ಬಾಳಿತು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಣ ಅಂತರ 2375 ಮಿಲಿಮೀಟರು. ತೂಕ ಸುಮಾರು ಒಂದು ಟನ್ನು. ಮುಂದೆಯೂ ಹಿಂದೆಯೂ ಗಟ್ಟಿ ಅಚ್ಚು, ನಾಲ್ಕು ಮೂಲೆಗಳಲ್ಲಿಯೂ ಕಮಾನು. ಸೈನ್ಯದವರು ಇದನ್ನು ಮೆಚ್ಚಿಕೊಂಡರು. ಕೊಡಗು ಮಲೆನಾಡುಗಳ ಕಾಫಿ ತೋಟದವರೂ ಮೆಚ್ಚಿಕೊಂಡರು. ಕೆಸರಿನಲ್ಲಿ ಹೂತುಕೊಳ್ಳುವುದಿಲ್ಲ, ಕೆಟ್ಟರೆ ಊರಿನ ಮೇಸ್ತ್ರಿಯೇ ರಿಪೇರಿ ಮಾಡಬಲ್ಲ. ಆದರೆ ಅದರಲ್ಲಿ ಹತ್ತು ಮೈಲಿ ಕುಳಿತವರೆಲ್ಲರೂ ಒಂದೇ ದೂರನ್ನು ಹೇಳುತ್ತಾರೆ: ಮೈಯ ಕೀಲುಗಳೆಲ್ಲ ಕಳಚಿಕೊಳ್ಳುತ್ತವೆ ಎಂದು.

ಕೊಡಗಿನ ಕಡೆ ತೋಟವುಳ್ಳ ನನ್ನ ಮಿತ್ರರೊಬ್ಬರ ತಾಯಿಯವರಿಗೆ ಎಂಬತ್ತರ ಹತ್ತಿರ ವಯಸ್ಸು. ಸೊಂಟದ ಮೂಳೆಗೆ ಶಸ್ತ್ರಚಿಕಿತ್ಸೆಯಾದ ಮೇಲೆ ತಿಂಗಳಿಗೊಮ್ಮೆ ಅವರನ್ನು ವೈದ್ಯರಲ್ಲಿಗೆ ಕರೆದೊಯ್ಯಬೇಕಾಗಿತ್ತು. ಮನೆಯಿಂದ ಡಾಂಬರು ರಸ್ತೆಯವರೆಗೆ ನಾಲ್ಕು ಮೈಲಿ ಕಲ್ಲುದಾರಿ; ಜಿಪ್ಸಿಯ ಹೊರತು ಬೇರೆ ವಾಹನವು ಆ ದಾರಿಗೆ ಇಳಿಯದು. ಮೊದಲ ಪ್ರಯಾಣವಾದೊಡನೆ ಆ ತಾಯಿ, "ಮಗು, ಇನ್ನು ಈ ಗಾಡಿ ಬೇಡಪ್ಪ, ನಡೆದೇ ಬರುತ್ತೇನೆ" ಎಂದರಂತೆ. ಮಿತ್ರರು ಮರುದಿನವೇ ಗಾಡಿಯನ್ನು ಕಮಾನು ಕೆಲಸದವನೊಬ್ಬನಲ್ಲಿಗೆ ಒಯ್ದರು. ಅವನು ಪ್ರತಿಯೊಂದು ಕಮಾನಿನಿಂದಲೂ ಎರಡೆರಡು ಪಟ್ಟಿಗಳನ್ನು ತೆಗೆದುಹಾಕಿ ಸಂಜೆಯೊಳಗೆ ಗಾಡಿಯನ್ನು ಹಿಂದಿರುಗಿಸಿದನು. ಗಾಡಿ ಮೆತ್ತಗಾಯಿತು, ಎಲ್ಲರಿಗೂ ಸಂತೋಷವಾಯಿತು. ನಾಲ್ಕು ತಿಂಗಳ ತರುವಾಯ ಗೊಬ್ಬರದ ಮೂಟೆಗಳನ್ನು ಹೇರಿಕೊಂಡು ಇಳಿಜಾರಿನಲ್ಲಿ ಬರುವಾಗ ಹಿಂದಿನ ಮುಖ್ಯ ಪಟ್ಟಿಯು ಮುರಿದು, ಅಚ್ಚು ತನ್ನ ಸ್ಥಾನದಿಂದ ಜರುಗಿ, ಗಾಡಿ ಒಂದು ಮಗ್ಗುಲಿಗೆ ಎಳೆಯಿತು. ಎಳೆದದ್ದು ಕಣಿವೆಯ ಕಡೆಗಲ್ಲ, ಬರೆಯ ಕಡೆಗೆ. ಆದುದರಿಂದ ಮಿತ್ರರು ಇಂದು ನಮ್ಮೊಡನಿದ್ದಾರೆ.

ಕಮಾನು ಬಿರುಸಾಗಿರುವುದಾದರೂ ಏಕೆ? ಸುಮಾರು ಒಂದು ಟನ್ನು ತೂಗುವ ಈ ಗಾಡಿಯು ಅದರ ಅರ್ಧದಷ್ಟು ಹೊರೆಯನ್ನು ಹೊರಬೇಕೆಂದು ಅದನ್ನು ನಿರ್ಮಿಸಿದವರು ಲೆಕ್ಕ ಹಾಕಿದ್ದಾರೆ. ಪೂರ್ಣ ಹೊರೆಗೆ ತಕ್ಕಂತೆ ಮಾಡಿದ ಕಮಾನಿನ ಮೇಲೆ ಒಬ್ಬರೇ ಕುಳಿತು ಹೋದರೆ ಅದು ಬಾಗುವುದೇ ಇಲ್ಲ. ಇಲ್ಲಿ ಒಂದು ಸಣ್ಣ ಗಣಿತವುಂಟು, ಶ್ರೋತೃಗಳು ಬೇಸರಿಸಬಾರದು. ತನ್ನ ಮೇಲಿನ ಭಾರಕ್ಕೆ ಕಮಾನು ಎಷ್ಟು ಕುಗ್ಗಿ ನಿಲ್ಲುವುದೋ ಅದರ ಮೇಲೆ ಅದರ ತೂಗಾಟದ ವೇಗವು ಅವಲಂಬಿಸಿದೆ. 5 ಸೆಂಟಿಮೀಟರು ಮಾತ್ರ ಕುಗ್ಗಿದರೆ ಗಾಡಿಯು ನಿಮಿಷಕ್ಕೆ ಸುಮಾರು 134 ಸಲ ಮೇಲೆ ಕೆಳಗೆ ಆಡುವುದು. 10 ಸೆಂಟಿಮೀಟರಿಗೆ 95 ಸಲ. 25 ಸೆಂಟಿಮೀಟರಿಗೆ 60 ಸಲ. ಸಾವಕಾಶವಾದ ನಡಿಗೆಯ ಹೆಜ್ಜೆಗೆ ಸಮೀಪವಾದ ತೂಗಾಟವು ನಮಗೆ ಹಿತ. ಅದಕ್ಕಿಂತ ಬಹಳ ಚುರುಕಾದುದು ಬೆನ್ನಿಗೆ ಹಿಂಸೆ.

ಹಾಗಾದರೆ ಪಟ್ಟಿಯನ್ನು ತೆಗೆದದ್ದು ಸರಿಯೇ ಆಯಿತಲ್ಲ ಎಂದು ಕೇಳಬಹುದು. ಒಂದೇ ದಪ್ಪದ ಐದು ಪಟ್ಟಿಗಳ ಕಟ್ಟಿನಿಂದ ಎರಡನ್ನು ತೆಗೆದರೆ ಬಿರುಸು ಐದರಲ್ಲಿ ಎರಡು ಪಾಲು ಇಳಿಯುವುದು ನಿಜ. ಆದರೆ ಅದೇ ಹೊರೆಯನ್ನು ಈಗ ಮೂರೇ ಪಟ್ಟಿಗಳು ಹೊರಬೇಕು; ಉಕ್ಕಿನೊಳಗಣ ಒತ್ತಡವು ಮೊದಲಿಗಿಂತ ಮೂರರಲ್ಲಿ ಎರಡು ಪಾಲು ಏರುವುದು. ಬರಿಯ ಗಾಡಿಗೆ ಇದು ತಡೆದೀತು. ಗೊಬ್ಬರದ ಮೂಟೆಗಳಿಗೆ ತಡೆಯದು. ಉಕ್ಕು ಒಂದೇ ಪೆಟ್ಟಿಗೆ ಮುರಿಯುವುದಿಲ್ಲ; ಸಾವಿರಾರು ಸಲ ಮಿತಿಮೀರಿ ಬಾಗಿ ದಣಿದು, ಕೂದಲೆಳೆಯಂಥ ಬಿರುಕೊಂದು ಹುಟ್ಟಿ, ಅದು ಬೆಳೆದು, ಒಂದು ದಿನ ಮುರಿಯುವುದು. ಆದಕಾರಣವೇ ನಾಲ್ಕು ತಿಂಗಳು ಎಲ್ಲವೂ ಚೆನ್ನಾಗಿದ್ದಂತೆ ತೋರಿತು. ಕಾಯಿಲ್‌ ಸ್ಪ್ರಿಂಗಿನ ಗಾಡಿಯಲ್ಲಿ ಅಚ್ಚನ್ನು ಹಿಡಿದಿಡಲು ಬೇರೆ ತೋಳುಗಳಿರುತ್ತವೆ. ಇಲ್ಲಿಯಾದರೋ ಕಮಾನೇ ಭಾರವನ್ನೂ ಹೊರಬೇಕು, ಅಚ್ಚನ್ನೂ ಅದರ ಸ್ಥಾನದಲ್ಲಿ ಹಿಡಿಯಬೇಕು.

ಇನ್ನು ಬಹುಮಂದಿ ಗಮನಿಸದ ವಿಷಯವೊಂದಿದೆ. ಕಮಾನು ಬಾಗುವಾಗ ಪಟ್ಟಿಗಳು ಒಂದರ ಮೇಲೊಂದು ಜಾರಬೇಕು. ಹತ್ತು ಮಳೆಗಾಲಗಳನ್ನು ಕಂಡ ಗಾಡಿಯಲ್ಲಿ ಪಟ್ಟಿಗಳ ನಡುವೆ ತುಕ್ಕು ಕಟ್ಟಿ, ಅವುಗಳ ತುದಿಗಳು ಮೇಲಿನ ಪಟ್ಟಿಯಲ್ಲಿ ಗುಳಿ ತೋಡಿಕೊಂಡು ಕುಳಿತಿರುತ್ತವೆ. ಆಗ ಸಣ್ಣ ಕಲ್ಲಿನ ಪೆಟ್ಟಿಗೆ ಕಮಾನು ಜಾರುವುದೇ ಇಲ್ಲ. ಇಡೀ ಕಟ್ಟು ಒಂದು ದಿಮ್ಮಿಯಂತಾಗಿ ಪೆಟ್ಟನ್ನು ನೇರವಾಗಿ ಆಸನಕ್ಕೆ ಮುಟ್ಟಿಸುವುದು. ನನ್ನ ಅಭಿಪ್ರಾಯದಲ್ಲಿ ಹಳೆಯ ಜಿಪ್ಸಿಗಳ ಬಿರುಸಿನಲ್ಲಿ ದೊಡ್ಡ ಪಾಲು ಉಕ್ಕಿನದಲ್ಲ, ತುಕ್ಕಿನದು. ಕಟ್ಟನ್ನು ಬಿಚ್ಚಿ, ಪಟ್ಟಿಗಳನ್ನು ಉಜ್ಜಿ, ತುದಿಗಳ ಚೂಪನ್ನು ಅರದಿಂದ ದುಂಡಗೆ ಮಾಡಿ, ತುದಿಗಳ ಮೇಲೆ ನೈಲಾನಿನಂಥ ಜಾರುವ ತುಂಡುಗಳನ್ನಿಟ್ಟು ಮತ್ತೆ ಕಟ್ಟಿದರೆ ಸಣ್ಣ ಪೆಟ್ಟುಗಳಿಗೆ ಗಾಡಿ ಹೊಸದರಂತೆ ಮಣಿಯುವುದು. ಕೆಲವರು ಗ್ರೀಸನ್ನು ಧಾರಾಳವಾಗಿ ಬಳಿಯುತ್ತಾರೆ. ಅದು ಕೆಂಪು ಧೂಳನ್ನು ಹಿಡಿದುಕೊಂಡು ಸಾಣೆಯ ಹಿಟ್ಟಿನಂತಾಗಿ ಪಟ್ಟಿಯನ್ನು ತಿನ್ನುವುದರಿಂದ ಒಣ ಗ್ರಾಫೈಟಿನ ಲೇಪವೇ ಮೇಲು. ಬಿಚ್ಚುವಾಗ ಮಾತ್ರ ಎಚ್ಚರ ಬೇಕು. ಗಾಡಿಯ ಚಾಸಿಯನ್ನು ಭದ್ರವಾದ ಆಧಾರದ ಮೇಲೆ ನಿಲ್ಲಿಸಿ, ಕಟ್ಟನ್ನು ಕ್ಲಾಂಪಿನಲ್ಲಿ ಹಿಡಿದ ಮೇಲೆಯೇ ಸೆಂಟರ್ ಬೋಲ್ಟನ್ನು ಸಡಿಲಿಸಬೇಕು; ಇಲ್ಲವಾದರೆ ಪಟ್ಟಿಗಳು ಸಿಡಿದು ಕೈ ಮುರಿದಾವು.

ಇದಕ್ಕೂ ಮೊದಲು ಕಾಸು ಖರ್ಚಿಲ್ಲದ ಕೆಲಸವೊಂದಿದೆ: ಟೈರಿನ ಗಾಳಿಯನ್ನು ಅಳೆಯುವುದು. ಪೆಟ್ರೋಲು ಬಂಕಿನ ಹುಡುಗನಿಗೆ ಬಂದ ಗಾಡಿಗಳಿಗೆಲ್ಲ ಒಂದೇ ಅಳತೆ. ತಯಾರಕರು ಹೇಳಿದುದಕ್ಕಿಂತ ಹೆಚ್ಚು ಗಾಳಿಯಿದ್ದರೆ ಕಮಾನಿಗೆ ಏನು ಮಾಡಿದರೂ ವ್ಯರ್ಥ.

ಕಮಾನಿನ ಕಣ್ಣುಗಳಲ್ಲಿರುವ ರಬ್ಬರಿನ ಬುಷ್‌ಗಳನ್ನೂ ಷ್ಯಾಕಲ್ಲುಗಳನ್ನೂ ನೋಡಬೇಕು. ಬಾಗಿದ ಕಮಾನು ಚಪ್ಪಟೆಯಾದಾಗ ಉದ್ದವಾಗುವುದು. ಆ ಉದ್ದಕ್ಕೆ ದಾರಿ ಕೊಡುವ ತೂಗುಕೊಂಡಿಯೇ ಷ್ಯಾಕಲ್ಲು. ಬೋಲ್ಟುಗಳನ್ನು ಗಾಡಿ ಮೇಲೆತ್ತಿದ್ದಾಗಲೇ ಬಿಗಿದರೆ ರಬ್ಬರು ಸದಾ ತಿರುಚಿಕೊಂಡಿದ್ದು ಬೇಗ ಹರಿಯುವುದು. ಚಕ್ರಗಳು ನೆಲದ ಮೇಲೆ ನಿಂತ ಮೇಲೆ ಕೊನೆಯ ಬಿಗಿತ. ಜಿಪ್ಸಿಯ ಮುಂದಿನ ಕಮಾನಿನಲ್ಲಿ ಈ ಕೊಂಡಿ ಮುಂದಿನ ತುದಿಯಲ್ಲಿದೆ. ಆದುದರಿಂದ ಚಕ್ರವು ಕಲ್ಲನ್ನು ಏರುವಾಗ ಹಿಂದಕ್ಕೆ ಸರಿಯುವ ಬದಲು ಮುಂದಕ್ಕೆ, ಕಲ್ಲಿನ ಕಡೆಗೇ ಸರಿಯುವುದು. ಕೊಂಡಿಯನ್ನು ಹಿಂದಿನ ತುದಿಗೆ ಬದಲಾಯಿಸುವವರುಂಟು. ಪೆಟ್ಟು ಕಡಮೆಯಾಗುವುದು, ಆದರೆ ಪ್ರೊಪೆಲ್ಲರ್ ಷಾಫ್ಟಿಗೆ ಹೆಚ್ಚು ಜಾರುವ ಎಡೆ ಬೇಕಾಗುವುದು, ಬ್ರೇಕು ಹಿಡಿದಾಗ ಮೂತಿಯೂ ಹೆಚ್ಚು ತಗ್ಗುವುದು. ಅಂದಕ್ಕಾಗಿ ಉದ್ದದ ಷ್ಯಾಕಲ್ಲುಗಳನ್ನು ಹಾಕಿಸುವುದಂತೂ ಬೇಡ. ಮುಂದಿನ ಅಚ್ಚಿನ ಓರೆ ಕೆಟ್ಟು ಸ್ಟೀರಿಂಗು ತಾನಾಗಿ ನೇರಕ್ಕೆ ಮರಳದು.

ಇಷ್ಟಾದರೂ ಸಾಲದೆ ಪಟ್ಟಿ ತೆಗೆಯಲೇಬೇಕೆಂದರೆ ಒಂದನ್ನು ಮಾತ್ರ ತೆಗೆಯಬಹುದು, ಅದೂ ಹೊರೆ ಹೇರುವುದಿಲ್ಲವೆಂಬ ನಿಶ್ಚಯವಿದ್ದರೆ. ಮುಖ್ಯ ಪಟ್ಟಿಯನ್ನೂ ಅದರ ಕೆಳಗಿನದನ್ನೂ ಮುಟ್ಟಬಾರದು. ಉಳಿದವುಗಳ ಉದ್ದವು ಮೆಟ್ಟಿಲುಗಳಂತೆ ಕ್ರಮವಾಗಿ ಇಳಿಯಬೇಕು. ನಡುವೆ ಒಂದು ಮೆಟ್ಟಿಲು ತಪ್ಪಿದರೆ ಅಲ್ಲಿಯೇ ಬಾಗು ಕೂಡಿಕೊಂಡು ಮೇಲಿನ ಪಟ್ಟಿ ಮುರಿಯುವುದು. ಪಟ್ಟಿಗಳ ಉಜ್ಜಾಟವು ಗಾಡಿಯ ಕುಣಿತವನ್ನು ತಡೆಯುತ್ತಿತ್ತೆಂಬುದನ್ನೂ ಮರೆಯಬಾರದು. ಅದು ಕಡಮೆಯಾದ ಮೇಲೆ ಆ ಕೆಲಸವೆಲ್ಲ ಷಾಕ್ ಅಬ್ಸಾರ್ಬರುಗಳ ಮೇಲೆ ಬೀಳುವುದರಿಂದ ಸವೆದವುಗಳನ್ನು ಬದಲಾಯಿಸಬೇಕು.

ದುಡ್ಡುಳ್ಳವರಿಗೆ ಬೇರೆ ಮಾರ್ಗಗಳುಂಟು. ಬಿರುಸು ಪಟ್ಟಿಯ ದಪ್ಪದ ಘನದಂತೆ ಏರುವುದು, ಉದ್ದದ ಘನದಂತೆ ಇಳಿಯುವುದು. 6 ಮಿಲಿಮೀಟರಿನ ಪಟ್ಟಿಗೆ ಬದಲು 5 ಮಿಲಿಮೀಟರಿನದಾದರೆ ಬಿರುಸು ನೂರಕ್ಕೆ 58ಕ್ಕೆ ಇಳಿಯುವುದು. ಕಮಾನು ಹತ್ತರಲ್ಲೊಂದು ಪಾಲು ಉದ್ದವಾದರೆ ನೂರಕ್ಕೆ 75ಕ್ಕೆ. ನಡುವೆ ದಪ್ಪವಾಗಿ ತುದಿಗೆ ತೆಳುವಾಗುವ, ತುದಿಯಲ್ಲಿ ಮತ್ತು ನಡುವೆ ಮಾತ್ರ ತಾಗುವ ಪ್ಯಾರಾಬೋಲಿಕ್ ಪಟ್ಟಿಗಳೂ ಇವೆ; ಇವುಗಳಲ್ಲಿ ಉಜ್ಜಾಟವು ಬಹಳ ಅಲ್ಪ. ಸುಜುಕಿಯವರೇ ಕೊನೆಗೆ ಕಮಾನನ್ನು ಬಿಟ್ಟರು; 2023ರಲ್ಲಿ ನಮ್ಮಲ್ಲಿ ಮಾರಾಟಕ್ಕೆ ಬಂದ ಜಿಮ್ನಿಗೆ ಗಟ್ಟಿ ಅಚ್ಚುಗಳೊಡನೆ ಕಾಯಿಲ್ ಸ್ಪ್ರಿಂಗುಗಳಿವೆ.

ನನ್ನ ಮಿತ್ರರು ಅಷ್ಟು ದೂರ ಹೋಗಲಿಲ್ಲ. ಹೊಸ ಮುಖ್ಯ ಪಟ್ಟಿಯನ್ನು ಹಾಕಿಸಿ, ತೆಗೆದಿದ್ದ ಪಟ್ಟಿಗಳನ್ನೆಲ್ಲ ಉಜ್ಜಿಸಿ ಮರಳಿ ಸೇರಿಸಿದರು. ಬುಷ್‌ಗಳನ್ನೂ ಷಾಕ್ ಅಬ್ಸಾರ್ಬರುಗಳನ್ನೂ ಬದಲಾಯಿಸಿ ಟೈರಿನ ಗಾಳಿಯನ್ನು ಸರಿಪಡಿಸಿದರು. ಯೂ ಬೋಲ್ಟುಗಳನ್ನು ಹೊಸವನ್ನೇ ಹಾಕಿಸಿ, ನಾಲ್ಕು ದಿನ ಓಡಾಡಿದ ಮೇಲೆ ಮತ್ತೊಮ್ಮೆ ಬಿಗಿಸಿದರು. ತಾಯಿಯವರನ್ನು ಹಿಂದಿನ ಚಕ್ರದ ಮೇಲಣ ಅಡ್ಡ ಆಸನದಲ್ಲಿ ಕೂರಿಸದೆ ಎರಡು ಅಚ್ಚುಗಳ ನಡುವಣ ಮುಂದಿನ ಆಸನದಲ್ಲಿ ದಪ್ಪ ದಿಂಬಿಟ್ಟು ಕೂರಿಸಿದರು. ಆಕೆ ಈಗಲೂ ಗೊಣಗುತ್ತಾರೆ, ಆದರೆ ಗಾಡಿಯ ವಿಷಯವಾಗಿ ಅಲ್ಲ. ಮಗನು ಬೇಗನೆ ಓಡಿಸುವನೆಂದು.