ಬಾವಿ ನೀರು ಉಪ್ಪಾಗುವ ಮೊದಲು: ಕರಾವಳಿ ಊರಿನ ಯೋಜನೆ ಒಡ್ಡಿನಿಂದಲೇ ಶುರುವಾಗಲಿ

ಮೂರು ವರ್ಷದ ಹಿಂದೆ ಮೇ ತಿಂಗಳಲ್ಲಿ ನನ್ನ ಮೆಣಸಿನಕಾಯಿ ಗಿಡಗಳ ಎಲೆಯ ಅಂಚು ಸುಟ್ಟ ಹಾಗೆ ಒಣಗೋಕೆ ಶುರುವಾಯ್ತು. ತೋಟಗಾರಿಕೆ ಓದಿದವನು ನಾನು. ಪೊಟ್ಯಾಷ್ ಕೊರತೆ ಅಂತ ನಾನೇ ತೀರ್ಮಾನ ಮಾಡಿ ಬೂದಿ ಹಾಕಿದೆ, ಜೀವಾಮೃತ ಕೊಟ್ಟೆ, ನೀರನ್ನೂ ಜಾಸ್ತಿ ಬಿಟ್ಟೆ. ಒಂದೇ ವಾರದಲ್ಲಿ ಸಾಲಿಗೆ ಸಾಲೇ ಬಾಡಿತು. ಪಕ್ಕದ ಗದ್ದೆಯ ಅಜ್ಜಿ ಬಂದು ಕೇಳಿದ್ದು ಒಂದೇ ಮಾತು: "ತಮಾ, ಬಾವಿ ನೀರು ಬಾಯಿಗೆ ಹಾಕಿ ನೋಡಿದ್ಯಾ?"

ನೋಡಿದೆ. ಉಪ್ಪು.

ನಮ್ಮ ಜಮೀನು ಇರೋದು ಕುಮಟಾ ಪಟ್ಟಣದ ಅಂಚಿನಲ್ಲಿ, ಅಘನಾಶಿನಿ ಹಿನ್ನೀರಿನ ಹತ್ತಿರ. ಗಜನಿಗೂ ನಮ್ಮ ಮೇಲಿನ ಗದ್ದೆಗೂ ನಡುವೆ ಒಂದು ಮಣ್ಣಿನ ಒಡ್ಡು ಇದೆ. ಅದರಲ್ಲಿ ಏಡಿ ಬಿಲದಿಂದ ಶುರುವಾದ ತೂತು ಮಳೆಗಾಲದಲ್ಲೇ ನಮ್ಮ ಕಣ್ಣಿಗೆ ಬಿದ್ದಿತ್ತು. ನಾನೂ ನೋಡಿದ್ದೆ, ಅಕ್ಕಪಕ್ಕದವರೂ ನೋಡಿದ್ರು. ಎಲ್ಲರ ಒಡ್ಡು ಅಂದ್ರೆ ಯಾರದ್ದೂ ಅಲ್ಲದ ಒಡ್ಡು! ಬೇಸಿಗೆಯಲ್ಲಿ ಭರತ ಬಂದಾಗಲೆಲ್ಲ ಉಪ್ಪುನೀರು ಒಳಗೆ ಬಂತು. ಮೇಲಿಂದ ನಾನು ಪಂಪ್ ಹಚ್ಚಿ ಬಾವಿಯ ಸಿಹಿನೀರು ಖಾಲಿ ಮಾಡಿದೆ, ಆ ಜಾಗಕ್ಕೆ ಉಪ್ಪುನೀರು ನುಗ್ಗಿತು.

ಗಜನಿ ಅಂದ್ರೆ ಊರಿನ ಸ್ಪಂಜು

ಗಜನಿ ಅಂದ್ರೆ ನದಿ ಸಮುದ್ರ ಸೇರುವ ಕಡೆಯ ತಗ್ಗು ಗದ್ದೆ. ಮುಂಗಾರು ಮಳೆ ಉಪ್ಪು ತೊಳೆದ ಮೇಲೆ ಅಲ್ಲಿ ಕಗ್ಗ ಭತ್ತ ಬೆಳೀತಾರೆ. ಕಗ್ಗ ಎತ್ತರಕ್ಕೆ ಬೆಳೆಯುವ ತಳಿ. ಉಪ್ಪನ್ನೂ ತಡೆಯುತ್ತೆ, ಕೆಲವು ದಿನ ನೀರಲ್ಲಿ ಮುಳುಗಿದರೂ ಬದುಕುತ್ತೆ. ಕೊಯ್ಲಾದ ಮೇಲೆ ಬಾಗಿಲು ತೆಗೆದು ಉಪ್ಪುನೀರು ಬಿಟ್ಟರೆ ಮೀನು, ಸೀಗಡಿ. ಗೊಬ್ಬರ ಹಾಕುವ ಪದ್ಧತಿಯೇ ಇಲ್ಲ.

ಅಘನಾಶಿನಿಗೆ ಅಣೆಕಟ್ಟು ಇಲ್ಲ. ಘಟ್ಟದ ಮಳೆಯೆಲ್ಲ ನೇರ ಕೆಳಗೆ ಬರುತ್ತೆ. ಜೋರು ಮಳೆ ಮತ್ತು ಅಮಾವಾಸ್ಯೆ-ಹುಣ್ಣಿಮೆಯ ದೊಡ್ಡ ಭರತ ಒಟ್ಟಿಗೆ ಬಂದರೆ ನೀರು ಸಮುದ್ರಕ್ಕೆ ಹೋಗೋಕೆ ಆಗಲ್ಲ. ಆಗ ಅದು ಹರಡಿಕೊಳ್ಳೋದು ಗಜನಿಯಲ್ಲಿ. ಸಮುದ್ರಮಟ್ಟ ಏರುತ್ತಾ ಇದೆ, ಒಂದೇ ದಿನಕ್ಕೆ ಸುರಿಯುವ ಮಳೆಯೂ ಜಾಸ್ತಿಯಾಗ್ತಿದೆ. ಇಂಥ ಹೊತ್ತಲ್ಲಿ ಗಜನಿಗೆ ಕೆಂಪು ಮಣ್ಣು ತುಂಬಿ ಸೈಟು ಮಾಡಿದರೆ ಆ ನೀರು ಪೇಟೆಯ ತಗ್ಗಿನ ಮನೆಗಳಿಗೇ ಬರಬೇಕಲ್ವಾ?

ನಮ್ಮ ಜಾಗವನ್ನೂ ಒಬ್ಬರು ಬಂದು ಕೇಳಿದ್ರು. ಆ ವರ್ಷದ ನಷ್ಟ ನೋಡಿ ಅಪ್ಪ ಅರ್ಧ ಮನಸ್ಸು ಮಾಡಿದ್ರು. ಮಾರಿದವರನ್ನು ಬೈಯೋಕೆ ನನಗೆ ಬಾಯಿ ಬರಲ್ಲ. ಗದ್ದೆ ಲಾಭ ಕೊಡದೆ ಇದ್ದರೆ ಒಡ್ಡು ಕಾಯೋರು ಯಾರು? ಅಘನಾಶಿನಿ ಅಳಿವೆಗೆ ರಾಮ್ಸಾರ್ ಮಾನ್ಯತೆ ಸಿಕ್ಕಿತು. ಸಂತೋಷವೇ. ಆದರೆ ಒಡ್ಡಿನ ತೂತು ಮುಚ್ಚೋಕೆ ನಾವೇ ಹೋಗಬೇಕು.

ನಿಮ್ಮ ಜಮೀನಲ್ಲಿ ಈಗಲೇ ಮಾಡಬಹುದಾದದ್ದು

1. ನೀರು ಅಳೆಯಿರಿ. ಒಂದು ಟಿಡಿಎಸ್ ಮೀಟರ್ ತಗೊಳ್ಳಿ. ಜನವರಿಯಿಂದ ಮಳೆ ಬರುವವರೆಗೆ ಹದಿನೈದು ದಿನಕ್ಕೊಮ್ಮೆ ಅಳೆದು ಫೋನಲ್ಲಿ ಬರೆದಿಡಿ. 450 ಪಿಪಿಎಂ ಒಳಗಿದ್ದರೆ ಚಿಂತೆ ಇಲ್ಲ. 450ರಿಂದ 2000 ಇದ್ದರೆ ಬೆಳೆ ನೋಡಿ ನೀರು ಕೊಡಿ. 2000 ದಾಟಿದರೆ ತರಕಾರಿಗೆ ಬೇಡ.

2. ನೀರಿಗೆ ತಕ್ಕ ಬೆಳೆ. ತೆಂಗು ಉಪ್ಪು ತಡೆಯುತ್ತೆ, ಅಲಸಂದೆ ಸ್ವಲ್ಪ ಮಟ್ಟಿಗೆ. ಅಡಿಕೆ, ಬಾಳೆ, ಬೀನ್ಸ್, ಮೆಣಸಿನಕಾಯಿ ತಡೆಯಲ್ಲ. ನಮ್ಮೂರ ಸಿಹಿ ನೀರುಳ್ಳಿಯೂ ಅಷ್ಟೇ.

3. ಪಂಪ್‌ಗೆ ಬಿಡುವು ಕೊಡಿ. ಕರಾವಳಿ ಬಾವಿಯಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಾ ಇರುತ್ತೆ. ಒಂದೇ ಸಲಕ್ಕೆ ಬತ್ತುವ ತನಕ ಎಳೆದರೆ ಕೆಳಗಿನ ಉಪ್ಪು ಮೇಲೆ ಬರುತ್ತೆ. ಸ್ವಲ್ಪ ಸ್ವಲ್ಪ ಎಳೆಯಿರಿ.

4. ನೆಲ ಮುಚ್ಚಿಡಿ. ಬೇಸಿಗೆಯಲ್ಲಿ ಬರಿ ನೆಲದಿಂದ ನೀರು ಆವಿಯಾದಾಗ ಉಪ್ಪು ಮೇಲೆ ಉಳಿಯುತ್ತೆ. ದರಕು, ತೆಂಗಿನ ಗರಿ ಹೊದಿಸಿ.

5. ಮೊದಲ ಮಳೆಗೆ ತೊಳೆಯಿರಿ. ಜೂನ್‌ನಲ್ಲಿ ಮಳೆನೀರು ಗದ್ದೆಯಲ್ಲಿ ನಿಲ್ಲಿಸಿ, ಇಳಿತದ ಹೊತ್ತಿಗೆ ಹೊರಗೆ ಬಿಡಿ. ಎರಡು ಮೂರು ಸಲ ಹೀಗೆ ಮಾಡಿ. ನನ್ನ ಗದ್ದೆ ಸುಧಾರಿಸಿದ್ದು ಇದರಿಂದಲೇ, ಆದರೂ ಎರಡು ಮಳೆಗಾಲ ಹಿಡೀತು.

6. ಫೋನ್ ಕೆಲಸಕ್ಕೆ ಬರಲಿ. ಹವಾಮಾನ ಇಲಾಖೆಯ 'ಮೇಘದೂತ', ಇಂಕಾಯ್ಸ್ ಸಂಸ್ಥೆಯ 'ಸಮುದ್ರ' ಆ್ಯಪ್ ಹಾಕಿಕೊಳ್ಳಿ. ಭಾರೀ ಮಳೆಯ ಸೂಚನೆ ಮತ್ತು ಅಮಾವಾಸ್ಯೆ-ಹುಣ್ಣಿಮೆ ಒಟ್ಟಿಗೆ ಬಿದ್ದರೆ ಹಿಂದಿನ ದಿನವೇ ಒಡ್ಡಿನ ಮೇಲೆ ಒಂದು ಸುತ್ತು ಹೋಗಿ ಬನ್ನಿ.

ಸಭೆಗೆ ಬರಿಗೈಲಿ ಹೋಗಬೇಡಿ

ಹವಾಮಾನ ಯೋಜನೆ ಅಂದ್ರೆ ದೊಡ್ಡ ಊರುಗಳ ವಿಷಯ ಅಂತ ನಾವು ಸುಮ್ಮನಿರ್ತೀವಿ. ಸಣ್ಣ ಪಟ್ಟಣದಲ್ಲಿ ಅದು ನಡೆಯೋದು ಗ್ರಾಮಸಭೆಯಲ್ಲಿ, ಪುರಸಭೆಯ ವಾರ್ಡಿನಲ್ಲಿ. ಒಡ್ಡಿನ ಉದ್ದಕ್ಕೂ ನಡೆದು ಸೋರುವ ಜಾಗದ ಫೋಟೋ ತೆಗೀರಿ, ತಾರೀಖು ಮತ್ತು ಲೊಕೇಶನ್ ಇರಲಿ. ಬಾವಿಯ ಲೆಕ್ಕ ಜೊತೆಗಿರಲಿ. ಕೇಳಬೇಕಾದ್ದು ಮೂರೇ:

- ಮಳೆಗಾಲಕ್ಕೆ ಮೊದಲು ಒಡ್ಡು, ಬಾಗಿಲು ರಿಪೇರಿ ಈ ವರ್ಷದ ಕ್ರಿಯಾ ಯೋಜನೆಯಲ್ಲಿದೆಯಾ? ಖಾರ್‌ಲ್ಯಾಂಡ್ ಒಡ್ಡಾದರೆ ಸಣ್ಣ ನೀರಾವರಿ ಇಲಾಖೆಗೆ ಪತ್ರ ಹೋಗಿದೆಯಾ?
- ಪೇಟೆಯ ನೀರು ಹೋಗುವ ಹಳ್ಳ, ಗಟಾರ ಎಲ್ಲೆಲ್ಲಿ ಮುಚ್ಚಿಹೋಗಿದೆ?
- ಗಜನಿಗೆ ಮಣ್ಣು ತುಂಬೋಕೆ ಒಪ್ಪಿಗೆ ಕೊಟ್ಟವರು ಯಾರು?

ಒಡ್ಡಿನ ಹೊರಗೆ ಕಾಂಡ್ಲಾ ಗಿಡ ಇದ್ದರೆ ಕಡಿಯಬೇಡಿ. ಅಲೆಯ ಹೊಡೆತ ಮೊದಲು ತಿನ್ನೋದು ಅದು.

ನಾವು ಈಗ ಒಡ್ಡಿನ ಪಾಲು ಹಂಚಿಕೊಂಡಿದ್ದೀವಿ, ವಾಟ್ಸಾಪ್ ಗುಂಪೂ ಇದೆ. ಎಲ್ಲರೂ ಬರ್ತಾರೆ ಅಂತ ಹೇಳಲ್ಲ, ಆದರೆ ತೂತು ಕಂಡರೆ ಅವತ್ತೇ ಫೋಟೋ ಬರುತ್ತೆ. ಅಪ್ಪ ಮಾರುವ ಮಾತು ಸದ್ಯಕ್ಕೆ ಎತ್ತಿಲ್ಲ. ಅಜ್ಜಿ ಮಾತ್ರ ಮೀಟರ್ ನೋಡಿ ನಗ್ತಾರೆ, ನಾಲಿಗೆಗೆ ಬ್ಯಾಟರಿ ಬೇಕಾ ಅಂತ.

ಈ ಹುಣ್ಣಿಮೆಗೆ ನಿಮ್ಮ ಬಾವಿ ನೀರು ಒಮ್ಮೆ ನೋಡಿ. ಮೀಟರ್ ಇಲ್ಲದಿದ್ದರೆ ನಾಲಿಗೆಯಾದರೂ ಸಾಕು.