ಗಣಕಯಂತ್ರದ ಧೂಳು: ಕೊಡವುವ ಮುನ್ನ ತಿಳಿದಿರಬೇಕಾದ್ದು

ಲೊಕ್ಕನಹಳ್ಳಿ: ಸುಗ್ಗಿ ಮುಗಿದು ಬಿಸಿಲು ಏರತೊಡಗಿದಂತೆ ರಸ್ತೆ ಬದಿಯ ಅಂಗಡಿ, ಕಚೇರಿ, ಶಾಲೆಗಳೊಳಗೆ ಧೂಳು ನುಗ್ಗುವುದು ಈ ಭಾಗಕ್ಕೆ ಹೊಸತಲ್ಲ. ಮೇಜು, ಕುರ್ಚಿ, ಕಡತಗಳ ಮೇಲಿನ ಧೂಳನ್ನು ದಿನವೂ ಕೊಡವುವವರು ಗಣಕಯಂತ್ರದ ಪೆಟ್ಟಿಗೆಯೊಳಗೆ ಕುಳಿತ ಧೂಳನ್ನು ಮಾತ್ರ ವರ್ಷಗಟ್ಟಲೆ ಗಮನಿಸುವುದಿಲ್ಲ. ಯಂತ್ರ ಕೈಕೊಟ್ಟ ದಿನ ಗಮನಿಸಿದರೂ, ಅವಸರದಲ್ಲಿ ಮಾಡುವ ಶುಚಿಕಾರ್ಯವೇ ಧೂಳಿಗಿಂತ ಹೆಚ್ಚಿನ ಹಾನಿ ಮಾಡುವುದುಂಟು.

ಹಿಂದೆ ಕೊಳ್ಳೇಗಾಲ ತಾಲ್ಲೂಕಿನಲ್ಲಿದ್ದು ಈಗ ಹನೂರು ತಾಲ್ಲೂಕಿಗೆ ಸೇರಿರುವ ಲೊಕ್ಕನಹಳ್ಳಿ ಹೋಬಳಿ ಕೇಂದ್ರ. 2000ದ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆಯಡಿ ಕೈಬರಹದ ಪಹಣಿ ಹೋಗಿ ಕಂಪ್ಯೂಟರ್ ಪಹಣಿ ಬಂದ ಮೇಲೆ, ರಾಜ್ಯದ ಇತರೆಡೆಗಳಂತೆ ಇಲ್ಲಿಯೂ ಹಳ್ಳಿಗರ ಬಹುಪಾಲು ಕಾಗದಪತ್ರಗಳು ಗಣಕಯಂತ್ರವನ್ನೇ ಅವಲಂಬಿಸಿವೆ. ಪಹಣಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಪಿಂಚಣಿ ಅರ್ಜಿ ಎಲ್ಲಕ್ಕೂ ಅದೇ ದಾರಿ. ಇರುವ ಒಂದು ಯಂತ್ರ ನಿಂತರೆ, ಒಂದು ದಿನದ ಕೂಲಿ ಬಿಟ್ಟು ಕಾಡಂಚಿನ ಊರುಗಳಿಂದ ಬಂದವರು ಬರಿಗೈಯಲ್ಲಿ ಹಿಂದಿರುಗಬೇಕಾಗುತ್ತದೆ. ಹೀಗಾಗಿ ಯಂತ್ರದ ಧೂಳು ಅದರ ಮಾಲೀಕನೊಬ್ಬನ ಚಿಂತೆಯಾಗಿ ಉಳಿದಿಲ್ಲ.

ಧೂಳು ಏನು ಮಾಡುತ್ತದೆ?

ಸಾಮಾನ್ಯವಾಗಿ ‘ಸಿಪಿಯು’ ಎಂದು ಕರೆಯಲಾಗುವ ಪೆಟ್ಟಿಗೆಯೊಳಗೆ ಪ್ರೊಸೆಸರ್ ಎಂಬ ಪುಟ್ಟ ಬಿಲ್ಲೆಯಿದೆ. ಕೆಲಸ ಮಾಡುವಾಗ ಅದು ವಿಪರೀತ ಬಿಸಿಯಾಗುತ್ತದೆ. ಆ ಬಿಸಿಯನ್ನು ಹೀರಲು ಅದರ ಮೇಲೆ ಅಲ್ಯೂಮಿನಿಯಂ ಅಥವಾ ತಾಮ್ರದ ತೆಳು ರೆಕ್ಕೆಗಳಿರುವ ‘ಹೀಟ್ ಸಿಂಕ್’ ಇರುತ್ತದೆ. ಅದರ ಮೇಲೊಂದು ಫ್ಯಾನ್ ಸುತ್ತುತ್ತಿರುತ್ತದೆ. ಫ್ಯಾನ್ ಎಳೆದುಕೊಳ್ಳುವ ಗಾಳಿಯ ಜತೆ ಬರುವ ಧೂಳು, ನೂಲು, ಕೂದಲು ಆ ರೆಕ್ಕೆಗಳ ಸಂದಿನಲ್ಲಿ ಕಂಬಳಿಯಂತೆ ಹೆಣೆದುಕೊಂಡು ಗಾಳಿಯ ದಾರಿಯನ್ನು ಮುಚ್ಚುತ್ತವೆ.

ಬಿಸಿ ಹೊರಹೋಗದಿದ್ದಾಗ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ವೇಗವನ್ನು ತಾನೇ ಕಡಿಮೆ ಮಾಡಿಕೊಳ್ಳುತ್ತದೆ. ಬಿಸಿ ಇನ್ನೂ ಏರಿದರೆ ಯಂತ್ರ ಸ್ಥಗಿತಗೊಳ್ಳುತ್ತದೆ. ಫ್ಯಾನಿನ ಸದ್ದು ಹೆಚ್ಚುವುದು, ಮಧ್ಯಾಹ್ನದ ಹೊತ್ತಿಗೆ ಯಂತ್ರ ನಿಧಾನವಾಗುವುದು, ಕಾರಣವಿಲ್ಲದೆ ಆಫ್ ಆಗುವುದು ಇದರ ಲಕ್ಷಣಗಳು. ಇಂತಹ ಯಂತ್ರಕ್ಕೆ ‘ವೈರಸ್ ಬಂದಿದೆ’ ಎಂದು ತಂತ್ರಾಂಶ ಬದಲಿಸಲು ಹಣ ಸುರಿಯುವ ಮೊದಲು ಪೆಟ್ಟಿಗೆಯ ಮುಚ್ಚಳ ತೆಗೆದು ನೋಡುವುದು ಒಳಿತು. ಮಳೆಗಾಲದಲ್ಲಿ ಇದೇ ಧೂಳು ತೇವ ಹೀರಿಕೊಂಡು ವಿದ್ಯುತ್ ಹರಿಯಬಾರದ ಕಡೆ ಹರಿಯಲು, ಬಿಂದುಗಳು ತುಕ್ಕು ಹಿಡಿಯಲು ಕಾರಣವಾಗಬಹುದು.

ಮೊದಲು ವಿದ್ಯುತ್, ಆಮೇಲೆ ಧೂಳು

ಮುಖ್ಯವಾದ ಕಡತಗಳನ್ನು ಪೆನ್ ಡ್ರೈವ್‌ಗೆ ನಕಲು ಮಾಡಿಟ್ಟುಕೊಂಡು, ಯಂತ್ರವನ್ನು ಕ್ರಮವಾಗಿ ಶಟ್‌ಡೌನ್ ಮಾಡಬೇಕು. ಬಳಿಕ ಪ್ಲಗ್ಗನ್ನೇ ಕಿತ್ತಿಡಬೇಕು. ಕರೆಂಟು ಹೋಗಿದೆ ಎಂದು ಧೈರ್ಯ ಮಾಡಿ ಮುಚ್ಚಳ ತೆಗೆಯುವುದು ಅಪಾಯ. ಯುಪಿಎಸ್ ಇರುವ ಕಡೆ ಕರೆಂಟು ಹೋದಾಗಲೂ ಪೆಟ್ಟಿಗೆಗೆ ವಿದ್ಯುತ್ ಬರುತ್ತಲೇ ಇರುತ್ತದೆ. ಎಲ್ಲ ವೈರುಗಳನ್ನು ತೆಗೆದ ನಂತರ ಪವರ್ ಗುಂಡಿಯನ್ನು ಸುಮಾರು 10 ಸೆಕೆಂಡ್ ಒತ್ತಿ ಹಿಡಿದರೆ ಮದರ್‌ಬೋರ್ಡಿನಲ್ಲಿ ಉಳಿದ ವಿದ್ಯುತ್ ಖಾಲಿಯಾಗುತ್ತದೆ. ಯಾವ ವೈರು ಎಲ್ಲಿತ್ತೆಂದು ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಂಡರೆ ಮರುಜೋಡಣೆ ಸುಲಭ.

ಎರಡನೆಯ ಎಚ್ಚರಿಕೆ ಕಣ್ಣಿಗೆ ಕಾಣದ ಸ್ಥಾಯಿ ವಿದ್ಯುತ್ತಿನದು. ಒಣ ಹವೆಯಲ್ಲಿ ನೈಲಾನ್, ಪಾಲಿಯೆಸ್ಟರ್ ಬಟ್ಟೆ ಉಜ್ಜಿದಾಗ ದೇಹದಲ್ಲಿ ಇದು ಶೇಖರವಾಗುತ್ತದೆ. ಬೆರಳಿಗೆ ‘ಚುರ್’ ಎನ್ನಬೇಕಾದರೆ ಸುಮಾರು 3,000 ವೋಲ್ಟ್ ಇರಬೇಕು. ಅದಕ್ಕಿಂತ ಎಷ್ಟೋ ಕಡಿಮೆ ವೋಲ್ಟೇಜ್ ಕೂಡ ಸೂಕ್ಷ್ಮ ಬಿಡಿಭಾಗಗಳನ್ನು ಕೆಡಿಸಬಲ್ಲದು. ಎಂದರೆ ನಮಗೆ ಅರಿವಾಗುವ ಮೊದಲೇ ಹಾನಿ ಆಗಿರಬಹುದು. ಆದ್ದರಿಂದ ಒಳಭಾಗ ಮುಟ್ಟುವ ಮುನ್ನ, ನಡುನಡುವೆಯೂ, ಪೆಟ್ಟಿಗೆಯ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟುತ್ತಿರಬೇಕು.

ಶುಚಿಗೊಳಿಸುವ ಕ್ರಮ

ಪೆಟ್ಟಿಗೆಯನ್ನು ಜಗಲಿ ಅಥವಾ ಗಾಳಿಯಾಡುವ ನೆರಳಿನ ಜಾಗಕ್ಕೆ ಒಯ್ದು, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಕೆಲಸ ಆರಂಭಿಸಬೇಕು. ಒಣಗಿದ, ಮೃದುವಾದ ಕೂದಲಿನ ಹೊಸ ಪೇಂಟ್ ಬ್ರಷ್‌ನಿಂದ ಧೂಳನ್ನು ಸಡಿಲಿಸಿ, ಕ್ಯಾಮೆರಾ ಅಂಗಡಿಗಳಲ್ಲಿ ದೊರೆಯುವ ರಬ್ಬರ್ ಊದುಗ ಅಥವಾ ಡಬ್ಬಿಯ ಗಾಳಿಯಿಂದ ಹೊರದೂಡಬೇಕು. ಡಬ್ಬಿಯನ್ನು ನೆಟ್ಟಗೆ ಹಿಡಿಯುವುದು ಕಡ್ಡಾಯ. ಓರೆ ಮಾಡಿದರೆ ಒಳಗಿನ ದ್ರವವೇ ಹೊರಬಂದು ಬಿಡಿಭಾಗಗಳ ಮೇಲೆ ಬೀಳುತ್ತದೆ.

ಗಾಳಿ ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದಲೋ ಪೆನ್ಸಿಲ್ಲಿನಿಂದಲೋ ಹಿಡಿದು ನಿಲ್ಲಿಸಬೇಕು. ಗಾಳಿಯ ರಭಸಕ್ಕೆ ಅದು ಮಿತಿಮೀರಿ ಸುತ್ತಿದರೆ ಬೇರಿಂಗ್ ಸವೆಯುತ್ತದೆ. ಅಲ್ಲದೆ ಸುತ್ತುವ ಫ್ಯಾನ್ ಡೈನಮೋದಂತೆ ವರ್ತಿಸಿ ಬೋರ್ಡಿಗೆ ವಿದ್ಯುತ್ ಹರಿಸುವ ಸಂಭವವೂ ಇದೆ. ಹೀಟ್ ಸಿಂಕನ್ನು ಕಿತ್ತು ತೆಗೆಯುವ ಗೋಜಿಗೆ ಹೋಗಬಾರದು. ತೆಗೆದರೆ ಅದರಡಿಯ ಉಷ್ಣವಾಹಕ ಪೇಸ್ಟನ್ನು ಒರೆಸಿ ಹೊಸದಾಗಿ ಹಚ್ಚಲೇಬೇಕು.

ಮಾಡಬಾರದ್ದು

ಹತ್ತಿರದ ಪಂಕ್ಚರ್ ಅಂಗಡಿಯ ಗಾಳಿಯಿಂದ ಪೆಟ್ಟಿಗೆ ಊದಿಸುವ ರೂಢಿ ಹಲವೆಡೆ ಇದೆ. ಆ ಟ್ಯಾಂಕಿನ ಗಾಳಿಯಲ್ಲಿ ನೀರಿನ ಹನಿ, ಎಣ್ಣೆಯ ಅಂಶ ಸೇರಿರುತ್ತವೆ, ಒತ್ತಡವೂ ಹೆಚ್ಚು. ಮನೆಯ ವ್ಯಾಕ್ಯೂಮ್ ಕ್ಲೀನರಿನ ಪ್ಲಾಸ್ಟಿಕ್ ಮೂತಿಯಲ್ಲಿ ಸ್ಥಾಯಿ ವಿದ್ಯುತ್ ಹುಟ್ಟುವುದರಿಂದ ಅದನ್ನೂ ಒಳಭಾಗಕ್ಕೆ ಬಳಸಬಾರದು. ಬಾಯಿಂದ ಊದಿದರೆ ಎಂಜಲಿನ ತೇವ ಬೀಳುತ್ತದೆ. ಒದ್ದೆ ಬಟ್ಟೆಯನ್ನಂತೂ ಒಳಗೆ ತೋರಿಸಲೇಬಾರದು.

ವೈರುಗಳ ಗೊಂಚಲು ಹೊರಡುವ ಲೋಹದ ಡಬ್ಬಿ, ಅಂದರೆ ಎಸ್‌ಎಂಪಿಎಸ್, ಬಿಚ್ಚುವಂತಹುದಲ್ಲ. ನಮ್ಮ 230 ವೋಲ್ಟ್ ವಿದ್ಯುತ್ ಅದರೊಳಗೆ ಸುಮಾರು 325 ವೋಲ್ಟಿನ ನೇರ ವಿದ್ಯುತ್ತಾಗಿ ಕೆಪಾಸಿಟರ್‌ಗಳಲ್ಲಿ ಶೇಖರವಾಗುತ್ತದೆ. ಪ್ಲಗ್ ಕಿತ್ತ ನಂತರವೂ ಅದು ಉಳಿದಿದ್ದು ಪ್ರಾಣಾಪಾಯ ಉಂಟುಮಾಡಬಲ್ಲದು. ಅದರ ಜಾಲರಿಯ ಧೂಳನ್ನು ಹೊರಗಿನಿಂದಲೇ ತೆಗೆದರೆ ಸಾಕು. ಹಳೆಯ ಡಬ್ಬಿ ಮಾದರಿಯ ಮಾನಿಟರ್ ಉಳಿದಿದ್ದರೆ ಅದಕ್ಕೂ ಇದೇ ಮಾತು ಅನ್ವಯಿಸುತ್ತದೆ. ಕಚೇರಿ, ಶಾಲೆಗಳ ಯಂತ್ರ ವಾರಂಟಿ ಅಥವಾ ನಿರ್ವಹಣಾ ಗುತ್ತಿಗೆಯಲ್ಲಿದ್ದರೆ ಮೊಹರು ಒಡೆಯುವ ಮುನ್ನ ಸಂಬಂಧಪಟ್ಟವರನ್ನು ಕೇಳುವುದು ಸೂಕ್ತ.

ಧೂಳು ತಡೆಗೆ ದಾರಿ

ಪೆಟ್ಟಿಗೆಯನ್ನು ನೆಲದ ಮೇಲಿಡದೆ ಮಣೆ ಅಥವಾ ಮೇಜಿನ ಮೇಲಿಟ್ಟು, ಗೋಡೆಯಿಂದ ಒಂದು ಗೇಣಾದರೂ ದೂರವಿಡಬೇಕು. ಹಿಂಬದಿಯ ಖಾಲಿ ಕಿಂಡಿಗಳಿಗೆ ಲೋಹದ ಪಟ್ಟಿ ಹಾಕಿಸಿದರೆ ಧೂಳಿನ ಜತೆ ಹಲ್ಲಿ, ಇಲಿಗಳ ಕಾಟವೂ ತಪ್ಪುತ್ತದೆ. ಯಂತ್ರಕ್ಕೆ ಹೊದಿಸುವ ಬಣ್ಣದ ಪ್ಲಾಸ್ಟಿಕ್ ಹೊದಿಕೆ ರಾತ್ರಿಗೆ ಸರಿ; ಕೆಲಸದ ವೇಳೆ ಅದನ್ನು ಪೂರ್ತಿ ತೆಗೆಯದಿದ್ದರೆ ಧೂಳಿನಷ್ಟೇ ಅದೂ ಗಾಳಿಗೆ ಅಡ್ಡಿ.

ರಸ್ತೆ ಬದಿಯ ಅಂಗಡಿ, ಕಚೇರಿಗಳಲ್ಲಿ 3 ತಿಂಗಳಿಗೊಮ್ಮೆ, ಮನೆಗಳಲ್ಲಿ 6 ತಿಂಗಳಿಗೊಮ್ಮೆ ಈ ಕೆಲಸ ಮಾಡಿದರೆ ಸಾಕಾಗುತ್ತದೆ. ಕೊನೆಯಲ್ಲಿ ಸಡಿಲವಾದ ವೈರುಗಳನ್ನು ಒತ್ತಿ ಸರಿಪಡಿಸಿ, ಮುಚ್ಚಳ ಹಾಕುವ ಮುನ್ನ ಯಾವ ವೈರೂ ಫ್ಯಾನಿಗೆ ತಾಗುತ್ತಿಲ್ಲವೆಂದು ನೋಡಿಕೊಂಡು, ಮುಚ್ಚಳ ಹಾಕಿದ ಮೇಲಷ್ಟೇ ಪ್ಲಗ್ ಚುಚ್ಚಬೇಕು. ಒಂದು ಬ್ರಷ್ಷು, ಅರ್ಧ ಗಂಟೆಯ ಸಮಯ ಇಷ್ಟರಲ್ಲಿ ಮುಗಿಯುವ ಈ ಕೆಲಸ, ಯಂತ್ರವನ್ನು ಬಸ್ಸಿನಲ್ಲಿ ಕೊಳ್ಳೇಗಾಲಕ್ಕೆ ಹೊತ್ತೊಯ್ಯುವ ಖರ್ಚನ್ನೂ, ಬಾಗಿಲಲ್ಲಿ ಕಾದು ನಿಂತವರ ಒಂದು ದಿನದ ಕೂಲಿಯನ್ನೂ ಉಳಿಸುತ್ತದೆ.